ಬೆಳಿಗ್ಗೆ ಬರೆದ ಲಿಸ್ಟು ರಾತ್ರಿಯಾದ್ರೂ ಯಾಕೆ ಮುಗಿಯಲ್ಲ?

ಪ್ರಶ್ನೆ: ನಾನು ಫುಲ್ ಟೈಮ್ ಕೆಲಸದಲ್ಲಿದೀನಿ, ಮನೇಲಿ ಇಬ್ಬರು ಚಿಕ್ಕ ಮಕ್ಕಳು, ಇದರ ಜೊತೆ ಇನ್ನು ಮೂರು ತಿಂಗಳಿಗೆ ಬರೋ ಒಂದು ಪ್ರಮೋಷನ್ ಪರೀಕ್ಷೆಗೆ ಓದ್ತಿದೀನಿ. ದಿನಾ ಬೆಳಿಗ್ಗೆ ಎದ್ದ ತಕ್ಷಣ ಹದಿನೈದು ಕೆಲಸ ಬರ್ಕೊಳ್ತೀನಿ, ರಾತ್ರಿ ನೋಡಿದ್ರೆ ನಾಲ್ಕೈದಕ್ಕೆ ಮಾತ್ರ ಟಿಕ್ ಬಿದ್ದಿರುತ್ತೆ. ಆ್ಯಪ್ ಬದಲಾಯಿಸಿ ನೋಡ್ದೆ, ಗಂಟೆ ಗಂಟೆಗೂ ಟೈಮ್‌ಟೇಬಲ್ ಹಾಕಿ ನೋಡ್ದೆ, ಒಂದು ವಾರ ನಡೆಯುತ್ತೆ ಆಮೇಲೆ ನಿಂತೋಗುತ್ತೆ. ನನಗೆ ಶಿಸ್ತೇ ಇಲ್ವಾ? ಬೆಳಿಗ್ಗೆ ನಾಲ್ಕಕ್ಕೆ ಏಳೋ ಅಭ್ಯಾಸ ಮಾಡ್ಕೋಬೇಕಾ? ಮಧ್ಯೆ ಮಧ್ಯೆ ಬಾಸ್ ಕೊಡೋ ಅರ್ಜೆಂಟ್ ಕೆಲಸಗಳಿಗೆ ಏನು ಮಾಡೋದು?

ಉತ್ತರ:

ಶಿಸ್ತಿನ ಪ್ರಶ್ನೆಗೆ ಮೊದಲು ಉತ್ತರ ಹೇಳ್ಬಿಡ್ತೀನಿ, ಯಾಕಂದ್ರೆ ಅದು ತಲೇಲಿ ಕೂತಿದ್ರೆ ಮಿಕ್ಕಿದ್ದೇನೂ ಒಳಗೆ ಇಳಿಯಲ್ಲ. ಕೆಲಸಕ್ಕೆ ಹೋಗ್ಕೊಂಡು, ಎರಡು ಮಕ್ಕಳನ್ನ ನೋಡ್ಕೊಂಡು, ಪರೀಕ್ಷೆಗೂ ಓದ್ತಾ, ಇಷ್ಟರ ಮಧ್ಯೆ ದಿನಾ ಕೂತು ಲಿಸ್ಟ್ ಬರೆಯೋರಿಗೆ ಶಿಸ್ತಿಲ್ಲ ಅಂತ ನಾನಂತೂ ಒಪ್ಪಲ್ಲ. ನಿಮ್ಮ ತೊಂದರೆ ಇರೋದು ಲೆಕ್ಕದಲ್ಲಿ. ನೀವು ಬರೀತಿರೋ ಲಿಸ್ಟಲ್ಲಿ ಕೆಲಸಗಳಿವೆ, ಆದ್ರೆ ಅವಕ್ಕೆ ಎಷ್ಟು ಹೊತ್ತು ಬೇಕು ಅನ್ನೋದು ಇಲ್ಲ, ನಿಮ್ಮ ಹತ್ರ ಎಷ್ಟು ಹೊತ್ತು ಇದೆ ಅನ್ನೋದೂ ಇಲ್ಲ.

ಈಗ ಒಂದ್ಸಲ ಆ ಲೆಕ್ಕ ಹಾಕಿ ನೋಡೋಣ. ಹದಿನೈದು ಕೆಲಸ, ಒಂದೊಂದಕ್ಕೆ ಸರಾಸರಿ ಮುಕ್ಕಾಲು ಗಂಟೆ ಅಂತ ಇಟ್ಕೊಂಡ್ರೂ ಹನ್ನೊಂದೂಕಾಲು ಗಂಟೆ ಆಯ್ತು. ಇನ್ನು ನಿಮ್ಮ ಹತ್ರ ಇರೋದು. ಇಪ್ಪತ್ನಾಲ್ಕರಲ್ಲಿ ನಿದ್ದೆಗೆ ಏಳು ಕಳೀರಿ, ಆಫೀಸು ಮತ್ತು ಹೋಗಿ ಬರೋದಕ್ಕೆ ಹತ್ತು ಕಳೀರಿ, ಸ್ನಾನ ಊಟ ಮನೆಕೆಲಸ ಮಕ್ಕಳು ಇವಕ್ಕೆಲ್ಲ ಕಡಿಮೆ ಅಂದ್ರೂ ಐದು, ಉಳೀತು ಎರಡು ಗಂಟೆ. ಆಫೀಸಿನ ಎಂಟು ಗಂಟೆ ಪೂರ್ತಿ ನಿಮ್ಮದು ಅನ್ಕೋಬೇಡಿ, ಅದರಲ್ಲಿ ಮೀಟಿಂಗಿಗೆ ಎರಡು ಗಂಟೆ, ಮೇಲು ಫೋನು ಮೆಸೇಜಿಗೆ ಒಂದೂವರೆ, ಊಟ ಬಿಡುವು ಅಂತ ಒಂದು ಹೋದ್ರೆ ಉಳಿಯೋದು ಮೂರೂವರೆ. ಎರಡೂ ಸೇರಿ ಐದೂವರೆ ಗಂಟೆ. ನಿಮ್ಮ ಅಂಕಿಗಳು ಸ್ವಲ್ಪ ಆಕಡೆ ಈಕಡೆ ಇರಬಹುದು, ಆದ್ರೆ ಹನ್ನೊಂದೂಕಾಲು ಗಂಟೆ ಕೆಲಸವನ್ನ ಐದೂವರೆ ಗಂಟೇಲಿ ಮುಗಿಸೋ ಶಿಸ್ತು ಅಂತ ಯಾವ್ದೂ ಇಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನೋ ಮಾತನ್ನ ದುಡ್ಡಿನ ವಿಷಯಕ್ಕೆ ಎಲ್ಲರೂ ಹೇಳ್ಕೊಡ್ತಾರೆ, ಸಮಯದ ವಿಷಯಕ್ಕೆ ಯಾರೂ ಹೇಳ್ಕೊಡಲ್ಲ, ಹಾಗಾಗಿ ದಿನಾ ರಾತ್ರಿ ತಪ್ಪು ನಮ್ಮದೇ ಅನ್ಸುತ್ತೆ.

ಅದಕ್ಕೆ ನನ್ನ ಒಂದೇ ಮುಖ್ಯ ಮಾತು ಇದು, ಲಿಸ್ಟ್ ಬರೆಯೋಕೆ ಮುಂಚೆ ಗಂಟೆ ಎಣಿಸಿ. ನಾಳೆ ನನ್ನ ಕೈಯಲ್ಲಿ ನಿಜವಾಗ್ಲೂ ಎಷ್ಟು ಹೊತ್ತಿದೆ ಅನ್ನೋದನ್ನ ಪುಟದ ಮೇಲ್ಗಡೆ ಬರ್ಕೊಳ್ಳಿ, ಆಮೇಲೆ ಕೆಲಸ ಬರೀರಿ, ಪಕ್ಕದಲ್ಲಿ ಎಷ್ಟು ಹೊತ್ತು ಅಂತ ಹಾಕಿ, ಕೂಡಿ, ಮೇಲಿನ ಅಂಕಿ ದಾಟಿದ ತಕ್ಷಣ ನಿಲ್ಲಿಸಿ. ದಾಟಿದ್ದೆಲ್ಲ ನಾಳೆ ಆಗಲ್ಲ ಅಂತ ಇವತ್ತೇ ಗೊತ್ತಾಯ್ತಲ್ಲ, ಅದು ದೊಡ್ಡ ಉಪಕಾರ. ಯಾವುದನ್ನ ಬಿಡಬೇಕು ಅಂತ ನೀವೇ ಕೂತು ಆರಿಸೋದಕ್ಕೂ, ಸಾಯಂಕಾಲ ಸುಸ್ತಾಗಿ ಯಾವುದೋ ಒಂದು ತಾನಾಗೇ ಬಿಟ್ಟೋಗೋದಕ್ಕೂ ತುಂಬಾ ವ್ಯತ್ಯಾಸ ಇದೆ, ಯಾಕಂದ್ರೆ ತಾನಾಗೇ ಬಿಟ್ಟೋಗೋದು ಹೆಚ್ಚಾಗಿ ನಿಮಗೆ ತುಂಬಾ ಬೇಕಾಗಿರೋ ಕೆಲಸನೇ, ನಿಮ್ಮ ವಿಷಯದಲ್ಲಿ ಪರೀಕ್ಷೆ ಓದು.

ಇಲ್ಲಿ ಒಂದು ತೊಡಕಿದೆ. ಕೆಲಸದ ಪಕ್ಕ ನೀವು ಬರೆಯೋ ಹೊತ್ತು ಕೂಡ ತಪ್ಪಾಗೇ ಇರುತ್ತೆ, ಮತ್ತೆ ಯಾವಾಗ್ಲೂ ಒಂದೇ ದಿಕ್ಕಿಗೆ ತಪ್ಪಾಗಿರುತ್ತೆ, ಅಂದ್ರೆ ಕಡಿಮೆ. ಡೇನಿಯಲ್ ಕಾನೆಮನ್ ಮತ್ತು ಏಮೋಸ್ ಟ್ವೆರ್ಸ್ಕಿ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞರು 1979ರಲ್ಲೇ ಇದಕ್ಕೆ ಪ್ಲಾನಿಂಗ್ ಫ್ಯಾಲಸಿ ಅಂತ ಹೆಸರಿಟ್ರು. ಆಮೇಲೆ 1994ರಲ್ಲಿ ರೋಜರ್ ಬ್ಯೂಲರ್ ಮತ್ತು ಜೊತೆಗಾರರು ಪ್ರಬಂಧ ಬರೀತಿದ್ದ ವಿದ್ಯಾರ್ಥಿಗಳನ್ನ ಕೇಳಿದ್ರು, ಎಷ್ಟು ದಿನದಲ್ಲಿ ಮುಗಿಸ್ತೀರಿ ಅಂತ. ಸರಾಸರಿ ಉತ್ತರ ಸುಮಾರು 34 ದಿನ. ಎಲ್ಲಾ ಕೆಟ್ಟು ಕೂತ್ರೆ ಎಷ್ಟಾಗುತ್ತೆ ಅಂತ ಕೇಳಿದ್ದಕ್ಕೆ ಸುಮಾರು 49 ದಿನ ಅಂದ್ರು. ನಿಜವಾಗಿ ಹಿಡಿದಿದ್ದು ಸುಮಾರು 55 ದಿನ. ಗಮನಿಸಿ, ಕೆಟ್ಟದ್ದನ್ನೇ ಊಹಿಸಿ ಹೇಳಿದ ಲೆಕ್ಕಕ್ಕಿಂತಲೂ ನಿಜ ಜಾಸ್ತಿ ಆಯ್ತು. ಹಾಗಾಗಿ ಸ್ವಲ್ಪ ಜಾಸ್ತಿ ಹಾಕ್ಕೊಂಡ್ರಾಯ್ತು ಬಿಡಿ ಅನ್ನೋ ಉಪಾಯ ಪೂರ್ತಿ ಕೆಲಸ ಮಾಡಲ್ಲ, ಆ ಸ್ವಲ್ಪ ಜಾಸ್ತಿ ಅನ್ನೋದು ಕೂಡ ನಮ್ಮ ಆಸೆಯಿಂದಲೇ ಬಂದಿರುತ್ತೆ.

ಇದರಿಂದ ಹೊರಗೆ ಬರೋ ದಾರೀನೂ ಕಾನೆಮನ್ ಅವರ ಅನುಭವದಲ್ಲೇ ಇದೆ. ಅವರು ಇಸ್ರೇಲಲ್ಲಿ ಹೈಸ್ಕೂಲ್ ಮಕ್ಕಳಿಗೆ ಒಂದು ಪಠ್ಯ ತಯಾರಿಸೋ ತಂಡದಲ್ಲಿದ್ರು. ಇನ್ನೆಷ್ಟು ಸಮಯ ಬೇಕು ಅಂತ ಎಲ್ಲರೂ ಚೀಟಿ ಬರೆದಾಗ ಉತ್ತರಗಳೆಲ್ಲ ಎರಡು ವರ್ಷದ ಆಸುಪಾಸು. ತಂಡದಲ್ಲಿದ್ದ ಅನುಭವಿಯೊಬ್ಬರನ್ನ ಬೇರೆ ತರಹ ಕೇಳಿದ್ರು, ಇಂಥದ್ದೇ ಕೆಲಸಕ್ಕೆ ಇಳಿದ ಬೇರೆ ತಂಡಗಳಿಗೆ ಎಷ್ಟು ಕಾಲ ಬೇಕಾಯ್ತು ಅಂತ. ಅವರು ಸ್ವಲ್ಪ ಹೊತ್ತು ಯೋಚಿಸಿ, ಸುಮಾರು ನೂರಕ್ಕೆ ನಲವತ್ತು ತಂಡಗಳು ಮುಗಿಸಲೇ ಇಲ್ಲ, ಮುಗಿಸಿದವರಿಗೆ ಏಳರಿಂದ ಹತ್ತು ವರ್ಷ ಬೇಕಾಯ್ತು ಅಂದ್ರು. ಸ್ವಾರಸ್ಯ ಏನಂದ್ರೆ ಅದೇ ವ್ಯಕ್ತಿ ಚೀಟೀಲಿ ತಾವೂ ಎರಡು ವರ್ಷದ ಹತ್ತಿರದ ಲೆಕ್ಕನೇ ಬರೆದಿದ್ರು, ಗೊತ್ತಿದ್ದ ಸಂಗತಿ ತಮ್ಮ ಊಹೆಗೆ ಬಳಕೆಗೇ ಬರಲಿಲ್ಲ. ಕೊನೆಗೆ ಆ ಪಠ್ಯ ಮುಗಿಯೋಕೆ ಎಂಟು ವರ್ಷ ಹಿಡೀತು.

ನಿಮ್ಮ ಮಟ್ಟದಲ್ಲಿ ಇದರ ಅರ್ಥ ಇಷ್ಟೇ, ಈ ಕೆಲಸಕ್ಕೆ ಎಷ್ಟು ಹೊತ್ತು ಬೇಕಾಗಬಹುದು ಅಂತ ಕೇಳ್ಕೋಬೇಡಿ, ಹೋದ್ಸಲ ಎಷ್ಟು ಹೊತ್ತು ಹಿಡೀತು ಅಂತ ಕೇಳ್ಕೊಳ್ಳಿ. ಅದು ಗೊತ್ತಿಲ್ಲ ಅಂದ್ರೆ ಎರಡು ವಾರ ಮಟ್ಟಿಗೆ ಬರೆದಿಡಿ. ತುಂಬಾ ವಿವರ ಬೇಡ, ಕೆಲಸದ ಹೆಸರು, ಶುರು ಮಾಡಿದ್ದು, ಮುಗಿಸಿದ್ದು, ಅಷ್ಟು ಸಾಕು. ತಿಂಗಳ ರಿಪೋರ್ಟಿಗೆ ಒಂದು ಗಂಟೆ ಅಂತ ನೀವು ವರ್ಷಗಳಿಂದ ಅನ್ಕೊಂಡಿರ್ತೀರಿ, ಬರೆದು ನೋಡಿದ್ರೆ ಎರಡೂಕಾಲು ಗಂಟೆ ಇರುತ್ತೆ, ಮಾಹಿತಿ ಕೊಡ್ಬೇಕಾದವರು ಕೊಡ್ದೇ ಇರೋದು, ಫೈಲ್ ಹುಡುಕೋದು, ಒಂದು ಅಂಕಿ ತಾಳೆ ಆಗ್ದೆ ಮತ್ತೆ ಮೊದಲಿಂದ ನೋಡೋದು ಎಲ್ಲಾ ಸೇರಿ. ನಾವು ಊಹೆ ಮಾಡುವಾಗ ಬರೀ ಕೆಲಸವನ್ನ ಕಲ್ಪಿಸ್ಕೊಳ್ತೀವಿ, ಕೆಲಸದ ಸುತ್ತ ಇರೋ ಈ ಸಣ್ಣ ಸಣ್ಣ ತಡಗಳನ್ನ ಯಾರೂ ಕಲ್ಪಿಸ್ಕೊಳ್ಳಲ್ಲ. ನಿಮ್ಮದೇ ಅಂಕಿಗಳು ಸಿಕ್ಕಿದ ಮೇಲೆ ಲಿಸ್ಟ್ ತಾನಾಗೇ ಚಿಕ್ಕದಾಗುತ್ತೆ.

ಇನ್ನು ಲಿಸ್ಟ್ ಬರೆಯೋ ಹೊತ್ತು. ಬೆಳಿಗ್ಗೆ ಬೇಡ, ಹಿಂದಿನ ರಾತ್ರಿ ಬರೀರಿ. ಬೆಳಿಗ್ಗೆ ಎದ್ದಾಗ ಮನಸ್ಸಲ್ಲಿ ಹುಮ್ಮಸ್ಸು ಇರುತ್ತೆ, ಎಲ್ಲಾ ಮಾಡ್ಬಿಡ್ತೀನಿ ಅನ್ಸುತ್ತೆ, ಹದಿನೈದು ಬರೆಯೋದು ಅದಕ್ಕೇ. ರಾತ್ರಿ ದಿನದ ಸುಸ್ತು ಮೈಮೇಲಿರುತ್ತೆ, ಆಗ ಬರೆದ ಲಿಸ್ಟು ನಿಜಕ್ಕೆ ಹತ್ತಿರ ಇರುತ್ತೆ ಅನ್ನೋದು ನನ್ನ ಅಭಿಪ್ರಾಯ. ಇದಕ್ಕೆ ಇನ್ನೊಂದು ಲಾಭನೂ ಇದೆ. 2018ರಲ್ಲಿ ಮೈಕಲ್ ಸ್ಕಲ್ಲಿನ್ ಮತ್ತು ತಂಡ 57 ಯುವಕ ಯುವತಿಯರನ್ನ ನಿದ್ದೆ ಪ್ರಯೋಗಾಲಯದಲ್ಲಿ ಮಲಗಿಸಿ ನೋಡಿದ್ರು, ಮಲಗೋಕೆ ಮುಂಚೆ ಅರ್ಧ ಜನ ಐದು ನಿಮಿಷ ಮುಂದಿನ ದಿನಗಳಲ್ಲಿ ಮಾಡ್ಬೇಕಾದ ಕೆಲಸ ಬರೆದ್ರು, ಮಿಕ್ಕಿದವರು ಆಗಲೇ ಮುಗಿಸಿದ ಕೆಲಸ ಬರೆದ್ರು. ಮಾಡ್ಬೇಕಾದ್ದನ್ನ ಬರೆದವರಿಗೆ ಸುಮಾರು ಒಂಬತ್ತು ನಿಮಿಷ ಬೇಗ ನಿದ್ದೆ ಬಂತು, ಅದರಲ್ಲೂ ವಿವರವಾಗಿ ಬರೆದವರಿಗೆ ಇನ್ನೂ ಬೇಗ. ಹಾಸಿಗೆ ಮೇಲೆ ಬಿದ್ದಾಗ ಅದು ಬಾಕಿ ಇದು ಬಾಕಿ ಅಂತ ತಲೇಲಿ ಸುತ್ತೋದಿದೆಯಲ್ಲ, ಕಾಗದದ ಮೇಲೆ ಇಳಿಸಿದ್ರೆ ಅದು ಕಡಿಮೆ ಆಗುತ್ತೆ. ಮಸಿಕಾಂಪೋ ಮತ್ತು ಬೌಮೈಸ್ಟರ್ ಅನ್ನೋರು 2011ರಲ್ಲಿ ಇದಕ್ಕೆ ಹತ್ತಿರದ್ದನ್ನೇ ತೋರಿಸಿದ್ರು, ಅರ್ಧಕ್ಕೆ ನಿಂತ ಕೆಲಸ ಬೇರೆ ಕೆಲಸದ ಮಧ್ಯೆ ಬಂದು ಕಾಡುತ್ತೆ, ಆದ್ರೆ ಅದನ್ನ ಮುಗಿಸ್ದೇ ಇದ್ರೂ ಪರವಾಗಿಲ್ಲ, ಯಾವಾಗ ಹೇಗೆ ಮಾಡ್ತೀನಿ ಅಂತ ಖಚಿತವಾಗಿ ತೀರ್ಮಾನ ಮಾಡಿದ್ರೆ ಸಾಕು, ಕಾಟ ನಿಲ್ಲುತ್ತೆ.

ಎರಡು ಬೇರೆ ಬೇರೆ ಲಿಸ್ಟ್ ಇಟ್ಕೊಳ್ಳಿ. ಒಂದು ದೊಡ್ಡದು, ತಲೆಗೆ ಬಂದಿದ್ದೆಲ್ಲ ಅದರಲ್ಲಿ, ಅದಕ್ಕೆ ದಿನಾಂಕನೂ ಬೇಡ ಉದ್ದದ ಮಿತಿನೂ ಬೇಡ. ಇನ್ನೊಂದು ನಾಳೆಯ ಪುಟ, ಅದರಲ್ಲಿ ಗಂಟೆಗೆ ಹೊಂದುವಷ್ಟೇ, ಐದೂವರೆ ಗಂಟೆ ಇದ್ರೆ ಮೂರೂವರೆ ನಾಲ್ಕು ಗಂಟೆ ಕೆಲಸ ಅಷ್ಟೇ ಬರೀರಿ, ಯಾಕೆ ಅಂತ ಮುಂದೆ ಹೇಳ್ತೀನಿ. ಅದರಲ್ಲಿ ಒಂದು ಭಾರದ ಕೆಲಸ, ಒಂದು ಮಧ್ಯಮದ್ದು, ಎರಡು ಮೂರು ಚಿಲ್ಲರೆ. ಚಿಲ್ಲರೆ ಕೆಲಸಗಳನ್ನ ಗುಂಪು ಮಾಡಿ ಒಂದೇ ಹೊತ್ತಲ್ಲಿ ಮುಗಿಸಿ, ಬಿಲ್ ಕಟ್ಟೋದು, ಎರಡು ಮೇಲ್‌ಗೆ ಉತ್ತರ, ಒಂದು ಫೋನ್, ಹೀಗೆ.

ಬರೆಯೋ ರೀತಿಗೆ ಸ್ವಲ್ಪ ಗಮನ ಕೊಡಿ, ಯಾಕಂದ್ರೆ ತುಂಬಾ ಜನರ ಲಿಸ್ಟಲ್ಲಿ ಇರೋದು ಕೆಲಸ ಅಲ್ಲ, ಬರೀ ವಿಷಯದ ಹೆಸರು. ಪರೀಕ್ಷೆಗೆ ಓದೋದು ಅಂತ ಬರೆದ್ರೆ ಅದನ್ನ ನೋಡಿದ ಕೂಡ್ಲೇ ಎಲ್ಲಿಂದ ಶುರು ಮಾಡ್ಲಿ ಅನ್ನೋ ಇನ್ನೊಂದು ಪ್ರಶ್ನೆ ಏಳುತ್ತೆ, ಸುಸ್ತಾಗಿರೋ ತಲೆ ಆ ಪ್ರಶ್ನೆಯಿಂದ ತಪ್ಪಿಸ್ಕೊಳ್ಳೋಕೆ ಫೋನ್ ಕೈಗೆತ್ಕೊಳ್ಳುತ್ತೆ. ಅದರ ಬದಲು ನಾಲ್ಕನೇ ಅಧ್ಯಾಯದ ಹಳೇ ಪ್ರಶ್ನೆಗಳಲ್ಲಿ ಮೊದಲ ಹತ್ತು ಬಿಡಿಸೋದು ಅಂತ ಬರೀರಿ. ಮುಗೀತೋ ಇಲ್ವೋ ಅಂತ ಬೇರೆಯವರು ನೋಡಿ ಹೇಳೋ ಹಾಗಿರಬೇಕು. ಇದಕ್ಕೆ ಯಾವಾಗ, ಎಲ್ಲಿ ಅನ್ನೋದನ್ನೂ ಸೇರಿಸಿ, ಅದೂ ಗಂಟೆ ಲೆಕ್ಕದಲ್ಲಿ ಅಲ್ಲ, ಘಟನೆ ಲೆಕ್ಕದಲ್ಲಿ. ಮಕ್ಕಳು ಮಲಗಿದ ತಕ್ಷಣ ಒಳಗಿನ ರೂಮಿನ ಟೇಬಲ್ ಹತ್ರ ಕೂತು ಪ್ರಶ್ನೆ ಬಿಡಿಸ್ತೀನಿ, ಈ ತರಹ. ಒಂಬತ್ತು ಗಂಟೆಗೆ ಅಂತ ಬರೆದು ಮಕ್ಕಳು ಒಂಬತ್ತೂವರೆಗೆ ಮಲಗಿದ್ರೆ ಪ್ಲಾನ್ ಕೆಟ್ಟೋಯ್ತು ಅನ್ಸಿ ಬಿಟ್ಟುಬಿಡ್ತೀರಿ, ಮಲಗಿದ ತಕ್ಷಣ ಅಂತ ಬರೆದಿದ್ರೆ ಅದು ಕೆಡೋದೇ ಇಲ್ಲ. ಪೀಟರ್ ಗೋಲ್ವಿಟ್ಸರ್ ಅನ್ನೋ ಜರ್ಮನ್ ಮನಶ್ಶಾಸ್ತ್ರಜ್ಞರು ಇಂಥಾ ಆದಾಗ ಹೀಗೆ ಮಾಡ್ತೀನಿ ಅನ್ನೋ ಯೋಜನೆಗಳ ಮೇಲೆ ದಶಕಗಟ್ಟಲೆ ಕೆಲಸ ಮಾಡಿದಾರೆ, 2006ರಲ್ಲಿ ಪಾಸ್ಕಲ್ ಶೀರನ್ ಜೊತೆ ಸೇರಿ 94 ಪರೀಕ್ಷೆಗಳ ಫಲಿತಾಂಶ ಒಟ್ಟು ಹಾಕಿ ನೋಡಿದಾಗ ಗುರಿ ತಲುಪೋದ್ರಲ್ಲಿ ಇದರ ಪರಿಣಾಮ ಚೆನ್ನಾಗೇ ಕಾಣಿಸ್ತು. ನಿಮ್ಮ ಗಂಟೆಗಂಟೆ ಟೈಮ್‌ಟೇಬಲ್ ಒಂದು ವಾರದಲ್ಲಿ ನಿಂತೋಗಿದ್ದಕ್ಕೆ ಇದೂ ಒಂದು ಕಾರಣ ಇರಬೇಕು, ಅದು ಗಡಿಯಾರಕ್ಕೆ ಕಟ್ಟಿದ್ದು, ಚಿಕ್ಕ ಮಕ್ಕಳಿರೋ ಮನೆ ಗಡಿಯಾರದ ಮಾತು ಕೇಳಲ್ಲ.

ಬೆಳಿಗ್ಗೆ ನಾಲ್ಕಕ್ಕೆ ಏಳೋ ವಿಷಯ. ರಾತ್ರಿ ಒಂಬತ್ತಕ್ಕೆ ಮಲಗೋಕೆ ಆಗೋದಾದ್ರೆ ಏಳಿ, ಇಲ್ಲಾಂದ್ರೆ ದಯವಿಟ್ಟು ಬೇಡ. ನಿದ್ದೆಯಿಂದ ಕದ್ದ ಗಂಟೆ ಲಾಭದ ಗಂಟೆ ಅಲ್ಲ. 2003ರಲ್ಲಿ ಹ್ಯಾನ್ಸ್ ವ್ಯಾನ್ ಡಾಂಗೆನ್ ಮತ್ತು ಜೊತೆಗಾರರು ಪ್ರಕಟಿಸಿದ ಒಂದು ಪ್ರಯೋಗ ಇದೆ, ಜನರನ್ನ ಹದಿನಾಲ್ಕು ದಿನ ರಾತ್ರಿಗೆ ಆರು ಗಂಟೆ ಅಥವಾ ಅದಕ್ಕಿಂತ ಕಡಿಮೆ ಮಲಗಿಸಿದಾಗ ಅವರ ಗಮನ ಮತ್ತು ನೆನಪಿನ ಶಕ್ತಿ, ಎರಡು ರಾತ್ರಿವರೆಗೂ ಪೂರ್ತಿ ನಿದ್ದೆಗೆಟ್ಟವರ ಮಟ್ಟಕ್ಕೆ ಇಳಿದಿತ್ತು. ಇನ್ನೂ ಭಯದ ವಿಷಯ ಏನಂದ್ರೆ ಅವರಿಗೆ ಅದು ಹೆಚ್ಚಾಗಿ ಗೊತ್ತೇ ಆಗ್ತಿರಲಿಲ್ಲ, ಪರವಾಗಿಲ್ಲ ಅಡ್ಜಸ್ಟ್ ಆಗಿದೀವಿ ಅನ್ಕೊಂಡಿದ್ರು. ನೀವು ಓದ್ತಿರೋದು ಪರೀಕ್ಷೆಗೆ, ನೆನಪೇ ನಿಲ್ಲದಿದ್ರೆ ಆ ಒಂದು ಗಂಟೆ ಹೆಚ್ಚು ಓದಿ ಏನು ಸಿಗುತ್ತೆ. ಮತ್ತೆ ಬೆಳಿಗ್ಗೆ ಚುರುಕು, ರಾತ್ರಿ ಚುರುಕು ಅನ್ನೋದು ಬರೀ ಅಭ್ಯಾಸ ಅಲ್ಲ, ಒಬ್ಬೊಬ್ಬರ ದೇಹದ ಗಡಿಯಾರ ಒಂದೊಂದು ತರಹ, ವಯಸ್ಸಿನ ಜೊತೆಗೂ ಅದು ಬದಲಾಗುತ್ತೆ. ಬೇಗ ಏಳೋರೇ ಸಾಧಕರು ಅನ್ನೋ ವಿಡಿಯೋಗಳನ್ನ ನೋಡಿ ನಿಮ್ಮನ್ನ ನೀವು ಬೈಕೋಬೇಡಿ. ಅದರ ಬದಲು ಒಂದು ವಾರ ಗಮನಿಸಿ, ದಿನದ ಯಾವ ಹೊತ್ತಲ್ಲಿ ಓದಿದ್ದು ಒಂದೇ ಸಲಕ್ಕೆ ತಲೆಗೆ ಹೋಗುತ್ತೆ, ಯಾವ ಹೊತ್ತಲ್ಲಿ ಒಂದೇ ಸಾಲನ್ನ ಮೂರು ಸಲ ಓದ್ತೀರಿ ಅಂತ. ಹೆಚ್ಚಿನವರಿಗೆ ಮಧ್ಯಾಹ್ನ ಊಟದ ನಂತರದ ಹೊತ್ತು ಮಂಕು. ಚುರುಕಾದ ಹೊತ್ತಿಗೆ ಭಾರದ ಕೆಲಸ, ಮಂಕಾದ ಹೊತ್ತಿಗೆ ಚಿಲ್ಲರೆ ಕೆಲಸ. ಚುರುಕಾದ ಹೊತ್ತನ್ನ ಮೇಲ್ ನೋಡೋದಕ್ಕೆ ಖರ್ಚು ಮಾಡೋದನ್ನ ನೋಡಿದ್ರೆ ನನಗೆ ನಿಜಕ್ಕೂ ಬೇಜಾರಾಗುತ್ತೆ, ದಿನದಲ್ಲಿ ಅಂಥ ಹೊತ್ತು ಇರೋದೇ ಎರಡು ಮೂರು ಗಂಟೆ.

ಈಗ ಬಾಸ್ ಕೊಡೋ ಅರ್ಜೆಂಟ್ ಕೆಲಸ, ನಿಮ್ಮ ಪ್ರಶ್ನೇಲಿ ಎಲ್ಲಕ್ಕಿಂತ ಕಷ್ಟದ್ದು ಇದೇ. ಮೊದಲು ಒಪ್ಕೋಬೇಕಾದ್ದು, ಅದು ನಾಳೆನೂ ಬರುತ್ತೆ. ಯಾವ ಕೆಲಸ ಬರುತ್ತೆ ಅಂತ ಗೊತ್ತಿಲ್ಲ, ಆದ್ರೆ ಬರುತ್ತೆ ಅನ್ನೋದು ಗೊತ್ತು, ಗೊತ್ತಿರೋದನ್ನ ಲೆಕ್ಕದಲ್ಲಿ ಸೇರಿಸ್ದೇ ಇರೋದು ಸರಿಯಲ್ಲ. ಅದಕ್ಕೇ ಐದೂವರೆ ಗಂಟೇಲಿ ನಾಲ್ಕು ಗಂಟೆ ಮಾತ್ರ ತುಂಬಿ ಅಂದಿದ್ದು, ಮಿಕ್ಕಿದ್ದು ಹೆಸರಿಲ್ಲದ ಕೆಲಸಕ್ಕೆ ಮೀಸಲು. ಯಾವತ್ತೋ ಒಂದು ದಿನ ಅರ್ಜೆಂಟ್ ಬರ್ಲೇ ಇಲ್ಲ ಅಂದ್ರೆ ದೊಡ್ಡ ಲಿಸ್ಟಿಂದ ಒಂದು ತಗೊಳ್ಳಿ. ನಿಮ್ಮ ಕೆಲಸದಲ್ಲಿ ಅಡಚಣೆ ಜಾಸ್ತಿ ಅಂದ್ರೆ ಮೀಸಲು ಅರ್ಧದಷ್ಟಾದ್ರೂ ಆಶ್ಚರ್ಯ ಇಲ್ಲ, ಎರಡು ವಾರ ಬರೆದಿಟ್ಟ ಅಂಕಿಗಳನ್ನ ನೋಡಿದ್ರೆ ಗೊತ್ತಾಗುತ್ತೆ.

ಎರಡನೇದು, ಅರ್ಜೆಂಟ್ ಅನ್ನೋದು ಯಾವಾಗ್ಲೂ ಮುಖ್ಯ ಅಲ್ಲ. ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ 1954ರಲ್ಲಿ ಒಂದು ಭಾಷಣದಲ್ಲಿ ಈ ಎರಡನ್ನೂ ಬೇರೆ ಮಾಡಿ ಹೇಳಿದ್ರು, ಅದೂ ತಮ್ಮ ಮಾತಲ್ಲ, ಹಿಂದೆ ಕಾಲೇಜೊಂದರ ಅಧ್ಯಕ್ಷರಾಗಿದ್ದವರ ಮಾತು ಅಂತಾನೇ ಹೇಳಿದ್ರು, ಅದರಿಂದಲೇ ಆಮೇಲೆ ಕೆಲಸಗಳನ್ನ ಅರ್ಜೆಂಟಾ ಅಲ್ವಾ, ಮುಖ್ಯನಾ ಅಲ್ವಾ ಅಂತ ವಿಂಗಡಿಸೋ ನಾಲ್ಕು ಮನೆಯ ಚೌಕ ಹುಟ್ಕೊಂಡು ಎಲ್ಲಾ ತರಬೇತಿಗಳಲ್ಲೂ ಬರುತ್ತೆ. ಚೌಕ ಬರೆಯೋದು ಸುಲಭ, ಪಾಲಿಸೋದು ಯಾಕೆ ಕಷ್ಟ ಅಂತ 2018ರ ಒಂದು ಸಂಶೋಧನೆ ತೋರಿಸಿದೆ, ಮೆಂಗ್ ಝು ಮತ್ತು ಜೊತೆಗಾರರದ್ದು. ಲಾಭ ಕಡಿಮೆ ಇದ್ರೂ ಗಡುವು ಹತ್ರ ಇರೋ ಹಾಗೆ ಕಾಣಿಸೋ ಕೆಲಸವನ್ನೇ ಜನ ಆರಿಸ್ಕೊಳ್ತಾರೆ, ಆ ಗಡುವು ಬರೀ ತೋರಿಕೆಯದ್ದಾಗಿದ್ರೂ ಸಹ. ಹಾಗಾಗಿ ಕೆಲಸ ಬಂದ ತಕ್ಷಣ ಕೈ ಹಾಕೋಕೆ ಮುಂಚೆ ಒಂದೇ ಪ್ರಶ್ನೆ ಕೇಳಿ, ಇದು ಎಷ್ಟು ಹೊತ್ತಿಗೆ ಬೇಕು ಸಾರ್, ಅಂತ. ಎಷ್ಟೋ ಸಲ ಉತ್ತರ ನಾಳೆ ಮಧ್ಯಾಹ್ನದೊಳಗೆ ಆದ್ರೆ ಸಾಕು ಅಂತ ಇರುತ್ತೆ, ನಾವೇ ಅದನ್ನ ಈಗಲೇ ಅಂತ ಕೇಳಿಸ್ಕೊಂಡಿರ್ತೀವಿ. ನಿಜವಾಗ್ಲೂ ಈಗಲೇ ಬೇಕು ಅಂದ್ರೆ ನಿಮ್ಮ ಪುಟ ತೋರಿಸಿ ಮರ್ಯಾದೆಯಿಂದಲೇ ಕೇಳಿ, ಇವತ್ತು ಈ ಎರಡು ಕೆಲಸ ಹಿಡಿದಿದೀನಿ ಸಾರ್, ಇದನ್ನ ತಗೊಂಡ್ರೆ ಇವುಗಳಲ್ಲಿ ಯಾವುದನ್ನ ನಾಳೆಗೆ ಹಾಕ್ಲಿ ಅಂತ. ಆಗಲ್ಲ ಅಂತ ನೀವು ಹೇಳಿಲ್ಲ, ಆದ್ರೆ ಯಾವುದು ಮುಂದೆ ಯಾವುದು ಹಿಂದೆ ಅನ್ನೋ ತೀರ್ಮಾನ ಅದನ್ನ ತಗೋಬೇಕಾದವರ ಕೈಗೇ ಹೋಯ್ತು. ಪುಟದಲ್ಲಿ ಗಂಟೆ ಬರೆದಿದ್ರೆ ಮಾತ್ರ ಈ ಮಾತಿಗೆ ತೂಕ ಬರುತ್ತೆ, ನಂಗೆ ತುಂಬಾ ಕೆಲಸ ಇದೆ ಸಾರ್ ಅನ್ನೋದನ್ನ ಎಲ್ಲರೂ ಹೇಳ್ತಾರೆ.

ಕೈಲಿರೋ ಕೆಲಸ ಬಿಟ್ಟು ಇನ್ನೊಂದಕ್ಕೆ ಹೋಗಲೇಬೇಕಾದಾಗ ಅರ್ಧ ನಿಮಿಷ ತಗೊಂಡು ಒಂದು ಸಾಲು ಬರ್ದಿಡಿ, ಎಲ್ಲಿ ನಿಲ್ಲಿಸಿದೆ, ವಾಪಸ್ ಬಂದಾಗ ಮೊದಲು ಏನು ಮಾಡ್ಬೇಕು. ಸೋಫಿ ಲೆರಾಯ್ ಅನ್ನೋ ಸಂಶೋಧಕಿ 2009ರಲ್ಲಿ ತೋರಿಸಿದ ಹಾಗೆ, ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಹೋದಾಗ ಗಮನದ ಒಂದು ಭಾಗ ಹಿಂದಿನ ಕೆಲಸದಲ್ಲೇ ಅಂಟ್ಕೊಂಡಿರುತ್ತೆ, ಅದರಿಂದ ಎರಡನೇ ಕೆಲಸನೂ ಕೆಡುತ್ತೆ. ಇಂಥ ಚಿಕ್ಕ ಟಿಪ್ಪಣಿ ಬರೆದು ಎದ್ದವರಿಗೆ ಆ ಅಂಟು ಕಡಿಮೆ ಅಂತ ಅವರೇ ಥೆರೆಸಾ ಗ್ಲಾಂಬ್ ಜೊತೆ 2018ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ತೋರಿಸಿದಾರೆ. ಫೋನಿನ ನೋಟಿಫಿಕೇಷನ್ ಬಗ್ಗೆ ಹೊಸದಾಗಿ ಹೇಳೋದೇನಿಲ್ಲ, ಭಾರದ ಕೆಲಸದ ಹೊತ್ತಲ್ಲಿ ಸೈಲೆಂಟ್ ಮಾಡಿ ಬೇರೆ ರೂಮಲ್ಲಿಡಿ.

ಇಷ್ಟೆಲ್ಲ ಮಾಡಿದ್ರೂ ಮಧ್ಯಾಹ್ನದ ಹೊತ್ತಿಗೆ ಪ್ಲಾನ್ ಕೆಡೋ ದಿನಗಳು ಇದ್ದೇ ಇರ್ತವೆ. ಮಗುವಿಗೆ ಜ್ವರ, ನೆಟ್‌ವರ್ಕ್ ಇಲ್ಲ, ಮೀಟಿಂಗು ಎರಡು ಗಂಟೆ ಎಳೀತು. ಇಂಥ ದಿನ ಜನ ಮಾಡೋದು ಎರಡೇ, ಇಲ್ಲಾ ಇವತ್ತಿನ ದಿನ ಹೋಯ್ತು ಅಂತ ಕೈಬಿಡ್ತಾರೆ, ಇಲ್ಲಾ ಬಿಟ್ಟಿದ್ದನ್ನೆಲ್ಲ ರಾತ್ರಿ ಹನ್ನೆರಡರ ತನಕ ಕೂತು ಮುಗಿಸೋಕೆ ಹೋಗ್ತಾರೆ. ಎರಡೂ ಬೇಡ. ಪುಟದ ಮೇಲೆ ಅಡ್ಡ ಗೆರೆ ಎಳೀರಿ, ಈಗಿಂದ ಮಲಗೋವರೆಗೆ ಎಷ್ಟು ಹೊತ್ತು ಉಳಿದಿದೆ ಅಂತ ಹೊಸದಾಗಿ ಎಣಿಸಿ, ಅದಕ್ಕೆ ಹೊಂದುವಷ್ಟು ಗೆರೆ ಕೆಳಗೆ ಬರೀರಿ. ಎರಡು ನಿಮಿಷದ ಕೆಲಸ. ಕೆಡದೇ ಇರೋ ದಿನ ಕೂಡ ಮಧ್ಯಾಹ್ನ ಒಂದ್ಸಲ ಹೀಗೆ ನೋಡೋ ಅಭ್ಯಾಸ ಇಟ್ಕೊಳ್ಳಿ. ಬೆಳಗಿನ ಪ್ಲಾನ್ ಅನ್ನೋದು ಇನ್ನೂ ನಡೀದೇ ಇರೋ ದಿನದ ಬಗ್ಗೆ ಹಿಂದಿನ ರಾತ್ರಿ ಮಾಡಿದ ಊಹೆ, ಅರ್ಧ ದಿನ ಕಳೆದ ಮೇಲೆ ಹೆಚ್ಚು ವಿಷಯ ಗೊತ್ತಿರುತ್ತೆ, ಆ ಗೊತ್ತಿರೋದನ್ನ ಬಳಸ್ಕೊಳ್ಳಿ. ನಾಳೆಗೆ ದಾಟಿಸಿದ ಒಂದೇ ಕೆಲಸ ಮೂರ್ನಾಲ್ಕು ದಿನ ದಾಟ್ತಾನೇ ಇದ್ರೆ ಮಾತ್ರ ನಿಂತು ನೋಡಿ, ಒಂದೋ ಅದು ತುಂಬಾ ದೊಡ್ಡದು, ತುಂಡು ಮಾಡ್ಬೇಕು, ಇಲ್ಲಾ ಅದು ನಿಮಗೆ ಬೇಕಾಗೇ ಇಲ್ಲ, ದೊಡ್ಡ ಲಿಸ್ಟಿಗೆ ವಾಪಸ್ ಕಳಿಸಿ.

ಒಂದು ವಾರಕ್ಕೆ ನಿಂತೋಗುತ್ತೆ ಅಂದ್ರಲ್ಲ, ಅದಕ್ಕೂ ಬೇಜಾರ್ ಮಾಡ್ಕೋಬೇಡಿ. ಲಂಡನ್ನಿನ ಫಿಲಿಪಾ ಲ್ಯಾಲಿ ಮತ್ತು ತಂಡದ 2010ರ ಅಧ್ಯಯನದಲ್ಲಿ ಒಂದು ಹೊಸ ಅಭ್ಯಾಸ ತಾನಾಗೇ ನಡೆಯೋ ಮಟ್ಟಕ್ಕೆ ಬರೋಕೆ ಸರಾಸರಿ 66 ದಿನ ಹಿಡೀತು, ಕೆಲವರಿಗೆ 18 ದಿನ, ಕೆಲವರಿಗೆ ಲೆಕ್ಕದ ಪ್ರಕಾರ 254 ದಿನ. ಮಧ್ಯೆ ಒಂದು ದಿನ ತಪ್ಪಿದ್ರೆ ಅದರಿಂದ ಹೇಳ್ಕೊಳ್ಳೋ ಅಂಥ ನಷ್ಟ ಆಗಲಿಲ್ಲ ಅನ್ನೋದೂ ಅದರಲ್ಲೇ ಇದೆ. ಹಾಗಾಗಿ ಒಂದು ವಾರದಲ್ಲಿ ಒಗ್ಗಲಿಲ್ಲ ಅಂತ ಆ್ಯಪ್ ಬದಲಾಯಿಸೋದ್ರಲ್ಲಿ ಅರ್ಥ ಇಲ್ಲ, ಪ್ರತಿ ಸಲ ಬದಲಾಯಿಸಿದಾಗ ಮತ್ತೆ ಒಂದನೇ ದಿನದಿಂದ ಶುರು. ಯಾವ ಆ್ಯಪ್ ಒಳ್ಳೇದು ಅಂತ ನೀವು ಕೇಳಿಲ್ಲ, ಕೇಳಿದ್ರೂ ನಾನು ನೋಟ್‌ಬುಕ್ ಅಂತಾನೇ ಹೇಳ್ತಿದ್ದೆ, ತೆರೆದ ಕೂಡ್ಲೇ ಬೇರೆ ಇನ್ನೇನೂ ಕರೆಯಲ್ಲ ಅನ್ನೋ ಒಂದೇ ಕಾರಣಕ್ಕೆ. ಇಪ್ಪತ್ತೈದು ನಿಮಿಷ ಕೆಲಸ ಐದು ನಿಮಿಷ ಬಿಡುವು ಅನ್ನೋ ಪೊಮೊಡೊರೊ ಪದ್ಧತಿ, 1980ರ ದಶಕದ ಕೊನೇಲಿ ಫ್ರಾನ್ಸೆಸ್ಕೊ ಚಿರಿಲ್ಲೊ ಅನ್ನೋರು ಶುರು ಮಾಡಿದ್ದು, ಓದೋಕೆ ಕೂರೋದೇ ಕಷ್ಟ ಅನ್ನೋ ರಾತ್ರಿಗಳಿಗೆ ಒಳ್ಳೇದು. ಒಮ್ಮೆ ಓದಿನಲ್ಲಿ ಮುಳುಗಿದ ಮೇಲೆ ಟೈಮರ್ ಬಡೀತು ಅಂತ ಏಳ್ಬೇಡಿ.

ಮನೆ ವಿಷಯ ಒಂದು ಮಾತು ಹೇಳ್ಲೇಬೇಕು. ಸಮಯದ ಬಗ್ಗೆ ಬರೋ ಹೆಚ್ಚಿನ ಸಲಹೆಗಳು ಇಡೀ ದಿನ ತಮ್ಮ ಕೈಯಲ್ಲೇ ಇರೋರಿಗೆ ಬರೆದಿರೋ ಹಾಗಿರ್ತವೆ, ಚಿಕ್ಕ ಮಕ್ಕಳಿರೋರಿಗೆ ಅವು ಹೊಂದಲ್ಲ. ಮಕ್ಕಳ ಜೊತೆ ಇರೋ ಹೊತ್ತಲ್ಲೇ ಸ್ವಲ್ಪ ಓದ್ಕೊಳ್ತೀನಿ ಅಂತ ಪ್ಲಾನಲ್ಲಿ ಬರೀಬೇಡಿ, ಓದೂ ಆಗಲ್ಲ, ಮಕ್ಕಳ ಮೇಲೆ ಸಿಟ್ಟೂ ಬರುತ್ತೆ, ಆ ಸಿಟ್ಟಿಗೆ ಮಕ್ಕಳು ಕಾರಣ ಅಲ್ಲ. ಬದಲಿಗೆ ಮನೇಲಿ ಇನ್ನೊಬ್ಬರು ದೊಡ್ಡವರಿದ್ರೆ ವಾರಕ್ಕೊಂದ್ಸಲ ಇಬ್ಬರೂ ಕೂತು ಮುಂದಿನ ವಾರದ ಪುಟ ಒಟ್ಟಿಗೆ ನೋಡಿ, ಯಾವ ಎರಡು ಮೂರು ಸಂಜೆ ನಿಮ್ಮ ಓದಿಗೆ, ಯಾವ ಸಂಜೆ ಅವರ ಕೆಲಸಕ್ಕೆ ಅಂತ ಮೊದಲೇ ಹಂಚ್ಕೊಳ್ಳಿ. ಆ ದಿನ ಬಂದ ಮೇಲೆ ಬಾಗಿಲ ಹತ್ರ ನಿಂತು ಸ್ವಲ್ಪ ನೋಡ್ಕೊಳ್ತೀರಾ ಅಂತ ಕೇಳೋದಕ್ಕಿಂತ ಅದು ಇಬ್ಬರಿಗೂ ಸುಲಭ.

ಕೊನೆಗೆ ಪರೀಕ್ಷೆ. ಮೂರು ತಿಂಗಳಿದೆ ಅಂದ್ರಿ, ಅಂದ್ರೆ ಹದಿಮೂರು ವಾರ. ನಿಮ್ಮ ಮನೆಯ ಎರಡು ಗಂಟೇಲಿ ದಿನಕ್ಕೆ ಒಂದು ಗಂಟೆ ಓದಿಗೆ ಸಿಗುತ್ತೆ, ವಾರಕ್ಕೆ ಐದೇ ದಿನ ಅಂತ ಇಟ್ಕೊಳ್ಳಿ, ಭಾನುವಾರ ಇನ್ನೆರಡು ಗಂಟೆ ಸಿಕ್ಕಿದ್ರೆ ವಾರಕ್ಕೆ ಏಳು, ಒಟ್ಟು 91 ಗಂಟೆ. ಅದರಲ್ಲಿ ಕೊನೇ ಎರಡು ವಾರ ರಿವಿಷನ್ನಿಗೆ ಬಿಟ್ರೆ 77, ಜ್ವರ ನೆಂಟರು ಆಫೀಸಿನ ಒತ್ತಡ ಅಂತ ಹದಿನೇಳು ಕಳೆದ್ರೆ 60. ಈಗ ಸಿಲಬಸ್ ತೆಗೆದು, ಆಗಲೇ ಮುಗಿಸಿರೋ ಒಂದು ಅಧ್ಯಾಯಕ್ಕೆ ನಿಜವಾಗಿ ಎಷ್ಟು ಗಂಟೆ ಹಿಡೀತು ಅಂತ ನೆನಪು ಮಾಡ್ಕೊಂಡು ಉಳಿದ ಅಧ್ಯಾಯಗಳಿಂದ ಗುಣಿಸಿ. 60ರೊಳಗೆ ಬಂದ್ರೆ ದಿನಾ ಒಂದು ಗಂಟೆ ಸಾಕು, ಆತಂಕ ಪಡ್ಬೇಡಿ. 90 ಬಂದ್ರೆ ಎರಡೇ ದಾರಿ, ಆಫೀಸಲ್ಲಿ ಕೆಲವು ದಿನ ರಜೆ ಕೇಳೋದು ಅಥವಾ ಕಡಿಮೆ ಅಂಕದ ಅಧ್ಯಾಯಗಳನ್ನ ಮೇಲ್ಮೇಲೆ ಓದಿ ಬಿಡೋದು, ಯಾವುದು ಅನ್ನೋದನ್ನ ಈ ವಾರನೇ ತೀರ್ಮಾನ ಮಾಡಿ, ರಜೆ ಅರ್ಜಿ ಹಾಕೋದಾದ್ರೆ ಈಗ ಹಾಕಿದ್ರೆ ಸಿಗೋ ಸಾಧ್ಯತೆ ಜಾಸ್ತಿ.